10,000 ಡಾಲರ್ ಕೆಲ್ಲಿ ಮತ್ತು ಒಂದು ಕರಾರು ಪತ್ರ

ಕೇಳುಗರಿಗೆಲ್ಲ ನಮಸ್ಕಾರ.

ಬೇಸ್‌ಬಾಲ್ ಅಂದ ಕೂಡಲೇ "ಅದು ಅಮೆರಿಕದವರ ಆಟ, ನಮಗೇನು?" ಅಂತ ರೇಡಿಯೋ ಆರಿಸಬೇಡಿ. ಆ ಆಟದ ಒಂದು ನಿಯಮವೂ ನಿಮಗೆ ಗೊತ್ತಿರಬೇಕಾಗಿಲ್ಲ. ನಾನು ಮಾತಾಡಲು ಬಂದಿರುವುದು ಚೆಂಡು ದಾಂಡಿನ ಬಗ್ಗೆ ಅಲ್ಲ. ಆಟಗಾರ ಸಹಿ ಹಾಕುತ್ತಿದ್ದ ಕಾಗದದ ಬಗ್ಗೆ. ಕ್ರಿಕೆಟ್ ಆಟಗಾರರ ಹರಾಜನ್ನು ಟಿವಿ ಮುಂದೆ ಕೂತು ನೋಡುವ ಮನೆಗಳಲ್ಲಿ ಈ ಕಥೆ ಗೊತ್ತಿರಲೇಬೇಕು ಅನ್ನುವುದು ನನ್ನ ಹಟ. ಆದ್ದರಿಂದ ಈ ಹೊತ್ತು ಆಟ ನೋಡಬೇಡಿ, ಕರಾರು ನೋಡಿ.

ಮೊದಮೊದಲು ಬೇಸ್‌ಬಾಲ್ ಆಡಲು ದುಡ್ಡು ತೆಗೆದುಕೊಳ್ಳುವುದು ಮರ್ಯಾದೆಯ ಕೆಲಸವಾಗಿರಲಿಲ್ಲ. ಕೊಡುವವರು ಗುಟ್ಟಾಗಿ ಕೊಡುತ್ತಿದ್ದರು, ಪಡೆಯುವವರು ಗುಟ್ಟಾಗಿ ಪಡೆಯುತ್ತಿದ್ದರು. 1869ರಲ್ಲಿ ಸಿನ್ಸಿನಾಟಿ ಊರಿನ ರೆಡ್ ಸ್ಟಾಕಿಂಗ್ಸ್ ತಂಡ ಈ ಮುಚ್ಚುಮರೆ ಬಿಟ್ಟಿತು. ತಂಡದ ಎಲ್ಲರಿಗೂ ರಾಜಾರೋಷವಾಗಿ ಸಂಬಳ. ಈ ತಂಡ ಕಟ್ಟಿದವನು ಹ್ಯಾರಿ ರೈಟ್. ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಕಸುಬು, ಕೇಳಿ, ಕ್ರಿಕೆಟ್! ಸಿನ್ಸಿನಾಟಿಗೆ ಅವನು ಬಂದದ್ದೇ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಸಂಬಳಕ್ಕೆ. ಅವನ ತಮ್ಮ ಜಾರ್ಜ್ ತಂಡದ ದೊಡ್ಡ ತಾರೆ, ಒಂದು ಋತುವಿಗೆ 1,400 ಡಾಲರ್. ಆ ವರ್ಷ ಅವರು ಒಂದೂ ಪಂದ್ಯ ಸೋಲಲಿಲ್ಲ. ಹೊಸದಾಗಿ ಹಾಕಿದ್ದ ರೈಲು ಹಳಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಗೆದ್ದು ಬಂದರು. ಮರುವರ್ಷ ಜೂನಿನಲ್ಲಿ ಬ್ರೂಕ್ಲಿನ್‌ನಲ್ಲಿ 8-7ರಿಂದ ಸೋತರು. ಜನ ಬರುವುದು ಕಡಿಮೆಯಾಯಿತು, ವರ್ಷ ಕಳೆಯುವಷ್ಟರಲ್ಲಿ ಕ್ಲಬ್ ಸಂಬಳ ಕೊಡುವುದನ್ನೇ ನಿಲ್ಲಿಸಿತು.

ಆದರೂ ದಾರಿ ತೆರೆದಿತ್ತು. ಆಡಿ ಬದುಕಬಹುದು ಅಂತ ಹುಡುಗರಿಗೆ ಗೊತ್ತಾಯಿತು. ಆಡಿಸಿ ಗಳಿಸಬಹುದು ಅಂತ ವ್ಯಾಪಾರಿಗಳಿಗೂ ಗೊತ್ತಾಯಿತು. 1876ರಲ್ಲಿ ಶಿಕಾಗೋದ ವಿಲಿಯಂ ಹಲ್ಬರ್ಟ್ ಮುಂದಾಳತ್ವದಲ್ಲಿ ನ್ಯಾಷನಲ್ ಲೀಗ್ ಹುಟ್ಟಿತು. ಟಿಕೆಟ್ಟಿಗೆ 50 ಸೆಂಟ್, ಭಾನುವಾರ ಆಟವಿಲ್ಲ. ಇನ್ನು ಮುಂದೆ ಮಾತು ಮಾಲೀಕರದು. ಆಟಗಾರನ ಸಮವಸ್ತ್ರಕ್ಕೆ ಅವನ ಸಂಬಳದಲ್ಲೇ 30 ಡಾಲರ್ ಮುರಿದುಕೊಂಡರು. ಊರೂರು ತಿರುಗುವಾಗ ದಿನಕ್ಕೆ 50 ಸೆಂಟ್ ಬೇರೆ.

ಈಗ ಅಸಲು ವಿಷಯ. 1879ರ ಸೆಪ್ಟೆಂಬರ್, ಬಫಲೋ ಊರು. ಮಾಲೀಕರೆಲ್ಲ ಸೇರಿ ಒಂದು ಗುಟ್ಟಿನ ಒಪ್ಪಂದ ಮಾಡಿಕೊಂಡರು. ಪ್ರತಿ ತಂಡ 5 ಆಟಗಾರರ ಹೆಸರು ಬರೆದಿಡುವುದು. ಅವರನ್ನು ಬೇರೆ ಯಾವ ತಂಡವೂ ಮುಟ್ಟಬಾರದು. ಇದೇ ರಿಸರ್ವ್ ನಿಯಮ. ಇದರ ಅರ್ಥ ಏನು? ನಿಮ್ಮ ಕರಾರು ಒಂದು ವರ್ಷದ್ದು. ವರ್ಷ ಮುಗಿಯಿತು. ನೀವು ಬೇರೆ ಕಡೆ ಹೋಗಬಹುದಾ? ಇಲ್ಲ. ಹಳೇ ಮಾಲೀಕ ಕೊಟ್ಟಷ್ಟಕ್ಕೆ ಆಡಿ, ಇಲ್ಲವಾದರೆ ಮನೆಯಲ್ಲಿರಿ. ಆದರೆ ನೀವು ಬೇಡ ಅನ್ನಿಸಿದರೆ ಮಾಲೀಕ 10 ದಿನದ ನೋಟಿಸ್ ಕೊಟ್ಟು ಕೈ ತೊಳೆದುಕೊಳ್ಳಬಹುದು. ನಿಮಗೆ ಜೀವಮಾನದ ಕಟ್ಟು, ಅವನಿಗೆ 10 ದಿನ! 5 ಇದ್ದದ್ದು 1883ಕ್ಕೆ 11 ಆಯಿತು. ಇನ್ನು ಕೆಲವೇ ವರ್ಷದಲ್ಲಿ ಹೆಚ್ಚುಕಡಿಮೆ ಇಡೀ ತಂಡವೇ ಆ ಪಟ್ಟಿಯಲ್ಲಿತ್ತು. ಈ ಕಾಲದ ಬಗ್ಗೆ ಬರೆಯುವವರು ಯಾರು ಎಷ್ಟು ರನ್ ಹೊಡೆದರು ಅಂತಲೇ ಪುಟಗಟ್ಟಲೆ ತುಂಬಿಸುವಾಗ ನನಗೆ ತಾಳ್ಮೆ ತಪ್ಪುತ್ತದೆ. ಕರಾರು ನೋಡಿ ಸ್ವಾಮಿ, ಕರಾರು!

ಇಲ್ಲಿ ಬರುತ್ತಾನೆ ನನ್ನ ಮೆಚ್ಚಿನ ಮೈಕ್ ಕೆಲ್ಲಿ. ಜನ ಕರೆಯುತ್ತಿದ್ದದ್ದು ಕಿಂಗ್ ಕೆಲ್ಲಿ ಅಂತ. ಹುರಿ ಮೀಸೆ, ಅಂದದ ಉಡುಪು, ಕೈಯಲ್ಲಿ ದುಡ್ಡು ನಿಲ್ಲುವ ಜಾಯಮಾನವಲ್ಲ. ಆ ಕಾಲದಲ್ಲಿ ಮೈದಾನಕ್ಕೆಲ್ಲ ಒಬ್ಬನೇ ಅಂಪೈರ್. ಅವನು ಚೆಂಡಿನ ಕಡೆ ಕತ್ತು ತಿರುಗಿಸಿದರೆ ಸಾಕು, ಕೆಲ್ಲಿ ನಡುವಿನ ಬೇಸ್, ಅಂದರೆ ಓಡುವವನು ಸರದಿಯಂತೆ ಮುಟ್ಟಲೇಬೇಕಾದ ಮೂಲೆ, ಅದನ್ನು ಮುಟ್ಟದೆಯೇ ಅಡ್ಡದಾರಿಯಲ್ಲಿ ಓಡಿ ಮುಂದಿನ ಬೇಸಿನಲ್ಲಿ ಸಾಚಾ ಮುಖ ಮಾಡಿ ನಿಂತಿರುತ್ತಿದ್ದ. ಜನಕ್ಕೆ ಹುಚ್ಚು ಹಿಡಿಸಿದ್ದ. 1886ರಲ್ಲಿ ಲೀಗಿನಲ್ಲೇ ಎಲ್ಲರಿಗಿಂತ ಒಳ್ಳೆಯ ಬ್ಯಾಟಿಂಗ್ ಸರಾಸರಿ ಅವನದು, ಅವನ ಶಿಕಾಗೋ ತಂಡವೇ ಚಾಂಪಿಯನ್. ಆದರೆ 1887ರ ಫೆಬ್ರವರಿಯಲ್ಲಿ ಶಿಕಾಗೋ ಅಧ್ಯಕ್ಷ ಆಲ್ಬರ್ಟ್ ಸ್ಪಾಲ್ಡಿಂಗ್ ಅವನನ್ನು ಬಾಸ್ಟನ್ ತಂಡಕ್ಕೆ ಮಾರಿದ. ಬೆಲೆ 10,000 ಡಾಲರ್. ಕಾರ್ಖಾನೆಯ ಸಾಮಾನ್ಯ ಕೆಲಸಗಾರ ವರ್ಷಪೂರ್ತಿ ದುಡಿದರೂ 500 ಡಾಲರ್ ಕಾಣದ ಕಾಲ ಅದು. ಆ 10,000 ಹೋದದ್ದು ಶಿಕಾಗೋ ತಂಡದ ಪೆಟ್ಟಿಗೆಗೆ. ಸಂಬಳಕ್ಕೆ 2,000ದ ಮಿತಿ ಇದ್ದದ್ದರಿಂದ ಬಾಸ್ಟನ್‌ನವರು ಕೆಲ್ಲಿಗೆ 2,000 ಸಂಬಳ ಬರೆದು, ಅವನ ಫೋಟೋ ಬಳಸಲು ಅಂತ ಇನ್ನೊಂದು 3,000 ಕೊಟ್ಟರು.

ಇದನ್ನೆಲ್ಲ ನೋಡಿ ಸುಮ್ನೆ ಕೂರದವನು ನ್ಯೂಯಾರ್ಕ್ ತಂಡದ ಜಾನ್ ಮಾಂಟ್‌ಗೊಮೆರಿ ವಾರ್ಡ್. ಮೈದಾನದಲ್ಲಿ ಶೂರ, ಜೊತೆಗೆ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಕಾನೂನು ಓದಿದವನು. 1885ರಲ್ಲಿ ಆಟಗಾರರ ಸಂಘ ಕಟ್ಟಿದ. 1887ರಲ್ಲಿ, ಆಟಗಾರ ಏನು ಮಾರುವ ಸೊತ್ತಾ ಅಂತ ಪತ್ರಿಕೆಯಲ್ಲಿ ನೇರವಾಗಿ ಕೇಳಿದ. ಮರುವರ್ಷ ಸ್ಪಾಲ್ಡಿಂಗ್ ಎರಡು ತಂಡ ಕಟ್ಟಿಕೊಂಡು ಲೋಕ ಸುತ್ತಲು ಹೊರಟಾಗ ವಾರ್ಡ್ ಕೂಡ ಹೋದ. ಆಸ್ಟ್ರೇಲಿಯಾ, ನಮ್ಮ ಪಕ್ಕದ ಕೊಲಂಬೊ, ಈಜಿಪ್ಟಿನ ಪಿರಮಿಡ್ಡುಗಳ ಹತ್ತಿರ, ಎಲ್ಲ ಕಡೆ ಆಡಿದರು. ಇತ್ತ ಊರಿನಲ್ಲಿ ಮಾಲೀಕರು ಆಟಗಾರರನ್ನು ಐದು ದರ್ಜೆ ಮಾಡಿ, 2,500ರಿಂದ 1,500 ಡಾಲರ್ ಒಳಗೆ ಸಂಬಳ ಕಟ್ಟಿಹಾಕಿದರು. ದರ್ಜೆ ಕೊಡಲು ಬರೀ ಆಟವಲ್ಲ, ನಡತೆಯನ್ನೂ ಅಳೆಯುತ್ತಿದ್ದರು! ವಾರ್ಡ್ ಪ್ರವಾಸ ಮುಗಿಯುವ ಮೊದಲೇ ವಾಪಸ್ ಬಂದ. 1890ಕ್ಕೆ ಆಟಗಾರರದೇ ಹೊಸ ಲೀಗ್, ಪ್ಲೇಯರ್ಸ್ ಲೀಗ್, ಎದ್ದು ನಿಂತಿತು. ಅಲ್ಲಿ ರಿಸರ್ವ್ ನಿಯಮವಿಲ್ಲ, ಲಾಭದಲ್ಲಿ ಆಟಗಾರನಿಗೂ ಪಾಲು. ಹಳೇ ಮಾಲೀಕರು ಕೋರ್ಟಿಗೆ ಹೋದರು. ಒಬ್ಬನಿಗೆ ಸದಾಕಾಲದ ಕಟ್ಟು, ಇನ್ನೊಬ್ಬನಿಗೆ 10 ದಿನ, ಇದೆಂಥ ಕರಾರು ಅಂತ ನ್ಯೂಯಾರ್ಕಿನ ನ್ಯಾಯಾಧೀಶರು ವಾರ್ಡ್‌ನನ್ನು ತಡೆಯಲು ಒಪ್ಪಲಿಲ್ಲ. ನೋಡಿದಿರಾ, ಕೋರ್ಟ್ ಕೂಡ ಕರಾರನ್ನೇ ನೋಡಿತು.

ಕೆಲ್ಲಿ ಹೊಸ ಲೀಗಿನ ಬಾಸ್ಟನ್ ತಂಡದ ನಾಯಕನಾದ. ಒಂದೇ ಊರಿನಲ್ಲಿ ಒಂದೇ ದಿನ ಎರಡೆರಡು ಪಂದ್ಯ, ಜನ ಹಂಚಿಹೋದರು, ಎಲ್ಲರಿಗೂ ನಷ್ಟ. ಕೆಲ್ಲಿಯನ್ನು ಒಡೆದರೆ ಉಳಿದವರೂ ಬರುತ್ತಾರೆ ಅಂತ ಮಾಲೀಕರ ಲೆಕ್ಕ. ಮಾತಾಡಲು ಹೋದವನು ಯಾರು? ಅವನನ್ನು ಮಾರಿದ ಅದೇ ಸ್ಪಾಲ್ಡಿಂಗ್. ಇದನ್ನು ಮುಂದೆ ಬರೆದಿಟ್ಟವನೂ ಅವನೇ. ಕೆಲ್ಲಿಯನ್ನು ಹೋಟೆಲಿಗೆ ಕರೆಸಿದ. ಆಟ ಹೇಗಿದೆ ಮೈಕ್ ಅಂತ ಕುಶಲ ವಿಚಾರಿಸಿದ. ಎಲ್ಲ ಹಾಳಾಗಿದೆ, ಎಲ್ಲರೂ ದುಡ್ಡು ಕಳೆದುಕೊಳ್ಳುತ್ತಿದ್ದಾರೆ ಅಂತ ಕೆಲ್ಲಿ ಬೇಸರ ತೋಡಿಕೊಂಡ. ಇದೇ ಹೊತ್ತು ಅಂತ ಸ್ಪಾಲ್ಡಿಂಗ್ ಮುಂದಿಟ್ಟದ್ದು 10,000 ಡಾಲರಿನ ಚೆಕ್, ಕೆಲ್ಲಿ ಹೆಸರಿಗೇ. ಮೂರು ವರ್ಷದ ಕರಾರು ಬೇರೆ, ಸಂಬಳ ಎಷ್ಟು ಅಂತ ಅವನೇ ಬರೆದುಕೊಳ್ಳಬಹುದು! ಕೆಲ್ಲಿ ಕೇಳಿದ್ದು ಒಂದೇ: ಹಾಗಾದರೆ ನಾನು ಹುಡುಗರನ್ನು ಬಿಟ್ಟು ಬರಬೇಕಾ? ಹೌದು. ಯೋಚನೆ ಮಾಡಬೇಕು, ಒಂದೂವರೆ ಗಂಟೆ ಕೊಡಿ ಅಂದ. ಕೈಯಲ್ಲಿ ಕಾಸು ನಿಲ್ಲದ ಮನುಷ್ಯ ಊರಿನುದ್ದಕ್ಕೂ ನಡೆದುಹೋಗಿ ಮತ್ತೆ ನಡೆದೇ ಬಂದ. ಬೇಡ ಅಂದ. ದುಡ್ಡೇನೋ ತುಂಬಾ ಬೇಕು, ಆದರೆ ಹುಡುಗರಿಗೆ ದ್ರೋಹ ಮಾಡಲಾರೆ, ನೀನಾಗಿದ್ದರೆ ನೀನೂ ಮಾಡುತ್ತಿರಲಿಲ್ಲ, ಅಂದ. ಸ್ಪಾಲ್ಡಿಂಗ್ ಎದ್ದು ಕೈ ಕುಲುಕಿದ. ಹೊರಡುವ ಮುಂಚೆ ಕೆಲ್ಲಿ ಅವನ ಹತ್ತಿರವೇ 500 ಡಾಲರ್ ಸಾಲ ಕೇಳಿದ. ಆ ಒಂದೂವರೆ ಗಂಟೆಯ ಸಂಕಟಕ್ಕೆ ಇದು ಏನೂ ಅಲ್ಲ ಅಂತ ಸ್ಪಾಲ್ಡಿಂಗ್ ಕೊಟ್ಟ.

ಎಷ್ಟು ಸಲ ಹೇಳಿದರೂ ನನಗೆ ಈ ಕಥೆ ಸಾಲದು. ಆದರೆ ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೆಲ್ಲಿಯ ಬಾಸ್ಟನ್ ತಂಡ ಗೆದ್ದಿತು. ಆದರೆ ಹೊಸ ಲೀಗಿಗೆ ಬಂಡವಾಳ ಹಾಕಿದವರು ಹೆದರಿ ಹಳೇ ಮಾಲೀಕರ ಜೊತೆ ರಾಜಿಯಾದರು. ಲೀಗ್ ಒಂದೇ ವರ್ಷಕ್ಕೆ ಮುಚ್ಚಿತು. ಕೆಲ್ಲಿ 1894ರಲ್ಲಿ, 36ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡ. ರಿಸರ್ವ್ ನಿಯಮ ಮತ್ತೆ ಬಂತು, ಅದರ ಬೆನ್ನು ಮುರಿಯಲು 1975ರ ಡಿಸೆಂಬರ್ ಬರಬೇಕಾಯಿತು.

ಇನ್ನೊಂದು ಮಾತು ಹೇಳದೆ ಮೈಕ್ ಬಿಡಲಾರೆ. ಇಷ್ಟು ಹೊತ್ತು ಕರಾರು ನೋಡಿ ಅಂದೆ. ಕರಾರೇ ಸಿಗದವರೂ ಇದ್ದರು. 1884ರಲ್ಲಿ ಟೊಲೀಡೋ ತಂಡದಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಮತ್ತು ಅವನ ತಮ್ಮ ವೆಲ್ಡಿ, ಇಬ್ಬರು ಕಪ್ಪು ಆಟಗಾರರು, ದೊಡ್ಡ ಲೀಗಿನಲ್ಲಿ ಆಡಿದರು. 1887ರಲ್ಲಿ, ದೊಡ್ಡ ಲೀಗಿಗಿಂತ ಕೆಳಹಂತದ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಕಪ್ಪು ಆಟಗಾರರಿಗೆ ಹೊಸ ಕರಾರು ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದರು. ದೊಡ್ಡ ಲೀಗಿನಲ್ಲಂತೂ ಅದನ್ನು ಬರೆದಿಡುವ ಗೋಜೂ ಇಲ್ಲ, ಬಾಯಿಮಾತಿನಲ್ಲೇ ಬಾಗಿಲು ಹಾಕಿದರು. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೂ ಅದು ತೆರೆಯಲಿಲ್ಲ. 1888ರಲ್ಲಿ ವೆಲ್ಡಿ ವಾಕರ್ ತನ್ನ ಹೆಸರು ಹಾಕಿ ಇನ್ನೊಂದು ಲೀಗಿನ ಅಧ್ಯಕ್ಷನಿಗೆ ಪತ್ರ ಬರೆದ. ಸ್ಪೋರ್ಟಿಂಗ್ ಲೈಫ್ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆಟ ಬಾರದಿದ್ದರೆ ಬೇಡ ಅನ್ನಿ, ನಡತೆ ಸರಿಯಿಲ್ಲದಿದ್ದರೆ ಬೇಡ ಅನ್ನಿ, ಬಣ್ಣ ನೋಡಿ ಬೇಡ ಅನ್ನಬೇಡಿ ಅನ್ನುವುದು ಅದರ ಸಾರ. ಕಪ್ಪು ಆಟಗಾರರಿಗೆ ಆ ಲೀಗುಗಳ ಬಾಗಿಲು ಆಮೇಲೂ ಮುಚ್ಚಿಯೇ ಇತ್ತು.

ನನ್ನ ಸಮಯ ಮುಗಿಯಿತು. ನಮಸ್ಕಾರ.