ದನ ಕಾಯ್ದವನ ಕಲ್ಲು

ಕ್ಯಾಮೆರಾ ಸ್ವಲ್ಪ ಕೆಳಗಿಳಿಸ್ತೀನಿ, ನೋಡಿ. ಕೆರೆ ಏರಿ ಪಕ್ಕ, ಲಂಟಾನ ಪೊದೆ ಮಧ್ಯ, ಸೊಂಟದೆತ್ತರದ ಒಂದು ಕಲ್ಲು. ಮಧ್ಯಾಹ್ನ ಬಂದಾಗ ಬರೀ ಚಪ್ಪಡಿ ಥರ ಕಾಣ್ತಿತ್ತು. ಈಗ ಸಂಜೆ ಬಿಸಿಲು ಓರೆಯಾಗಿ ಬಿದ್ದಿದೆ, ಒಂದೊಂದೇ ಗೆರೆ ಎದ್ದು ಬರ್ತಿದೆ.

ಇದು ವೀರಗಲ್ಲು, ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಇದನ್ನ ಕೆಳಗಿಂದ ಮೇಲಕ್ಕೆ ಓದ್ಬೇಕು. ಕೆಳಗೆ ಕಾಳಗ. ಕತ್ತಿ ಹಿಡಿದವನ ಬೆನ್ನ ಹಿಂದೆ ಒತ್ತೊತ್ತಾಗಿರೋ ಉಬ್ಬುಗಳೆಲ್ಲ ದನ. ಆ ಮೂಲೇಲಿ ಕೊಂಬು ಕಾಣ್ತಾ? ಹಾಗಾದ್ರೆ ಇದು ತುರುಗಾಳಗ. ದನ ಹೊಡ್ಕೊಂಡು ಹೋಗೋಕೆ ಬಂದವರನ್ನ ತಡೆದು ಸತ್ತಿದ್ದಾನೆ. ಮಧ್ಯದಲ್ಲಿ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗ್ತಿದ್ದಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ತುದೀಲಿ ಸೂರ್ಯ, ಚಂದ್ರ. ಅವಿರೋವರೆಗೂ ಇವನ ಹೆಸರಿರಲಿ ಅಂತ. ಹೆಸರೆಲ್ಲಿ ಬಂತು, ಈ ಕಲ್ಲಲ್ಲಿ ಒಂದಕ್ಷರವೂ ಇಲ್ಲ!

ಅಕ್ಷರ ಇದ್ದರೆ ಅದರ ಗತ್ತೇ ಬೇರೆ. ಬೆಂಗಳೂರಿನ ಬೇಗೂರು ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಕಲ್ಲಿದೆ. ಬೆಂಗಳೂರು ಕಾಳಗದಲ್ಲಿ ಬುಟ್ಟಣ ಸೆಟ್ಟಿ ಸತ್ತ ಅನ್ನುತ್ತೆ. ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆ! ಬೆಂದಕಾಳೂರೇ ಬೆಂಗಳೂರಾಯ್ತು ಅನ್ನೋ ಕತೆ ಎಷ್ಟೇ ಚೆಂದ ಇರಲಿ, ಈ ಸಾಲಿನ ಮುಂದೆ ನಿಲ್ಲಲ್ಲ.

ನನಗೆ ತುಂಬ ಇಷ್ಟ ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬರಹದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, 949ರ ತಕ್ಕೋಲಂ ಯುದ್ಧ, ಚೋಳ ರಾಜಾದಿತ್ಯನ ಸಾವು, ಎಲ್ಲ ಇದೆ. ಕೆತ್ತಿರೋದು ಮಾತ್ರ ಒಂದು ನಾಯಿ, ಒಂದು ಹಂದಿ. ಯುದ್ಧದಲ್ಲಿ ಮೆರೆದ, ಬೂತುಗನ ಕಡೆಯ ಮಣಲೇರನಿಗೆ ಒಡೆಯ ‘ಮೆಚ್ಚಿದೆ, ಬೇಡಿಕೋ’ ಅಂದಾಗ ಅವನು ಬೇಡಿದ್ದು ಕಾಳಿ ಅನ್ನೋ ನಾಯಿನ. ಊರಲ್ಲ, ಹೊನ್ನಲ್ಲ, ನಾಯಿ! ಅದು ದೊಡ್ಡ ಹಂದಿ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಗದ್ದೆ ಬಿಟ್ಟು, ಪೂಜೆ ಮಾಡದೆ ಗೊರವ, ಅಂದ್ರೆ ಶೈವ ಪೂಜಾರಿ, ಉಂಡರೆ ಪಾಪ ಅಂತ ಬೇರೆ ಬರೆಸಿದ್ದಾರೆ.

ಶಾಪ ಹಾಕೋದ್ರಲ್ಲಿ ಹಳಬರು ಜಿಪುಣರಲ್ಲ. ದಾನದ ಭೂಮಿ ಕಿತ್ಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆ ಹುಳವಾಗಿ ಹುಟ್ತಾನೆ ಅಂತ ಎಷ್ಟೋ ಶಾಸನಗಳ ಕೊನೇಲಿದೆ. ಸ್ಮಾರಕ ಕೆಡಿಸಿದರೆ ಎರಡು ವರ್ಷ ಜೈಲು ಅನ್ನೋ ನೀಲಿ ಬೋರ್ಡು ಇದರ ಮುಂದೆ ಯಾವ ಲೆಕ್ಕ!

ಮತ್ತೆ ನಮ್ಮ ಕಲ್ಲಿಗೆ ಬರೋಣ. ಅಂಚಲ್ಲಿ ಈ ನುಣ್ಣಗಿನ ಗೀರು ನೋಡಿ, ಬೆರಳು ಕೂರುತ್ತೆ. ಇದು ಉಳಿ ಪೆಟ್ಟಲ್ಲ, ಹಗ್ಗ ಉಜ್ಜಿದ ಗುರುತು. ಕೆಳಗೆ ಸಗಣಿ ಇನ್ನೂ ಹಸಿ ಇದೆ. ಇವತ್ತೂ ಯಾರೋ ಇವನಿಗೆ ಹಸು ಕಟ್ಟಿ ಹೋಗಿದ್ದಾರೆ.