ಹೂಳೆತ್ತಿ, ಆದ್ರೆ ಕೆರೆನ ಬಾಣಲೆ ಮಾಡ್ಬೇಡಿ

ಬೇಸಿಗೆ ಬಂತು ಅಂದ್ರೆ ಹಳ್ಳಿ ಕೆರೆ ಅಂಗಳಕ್ಕೆ ಜೆಸಿಬಿ, ಟಿಪ್ಪರ್ ಇಳಿಯುತ್ತವೆ. ಹೂಳು ತೆಗೀಲೇಬೇಕು, ಗೋಡು ಮಣ್ಣು ಹೊಲಕ್ಕೆ ಬಂಗಾರ. ನನ್ನ ತಕರಾರು ಅಗೆಯೋ ರೀತಿ ಬಗ್ಗೆ. ಈ ದಡದಿಂದ ಆ ದಡಕ್ಕೆ ಒಂದೇ ಆಳ, ಸುತ್ತ ನೆಟ್ಟಗೆ ಕಡಿದ ಅಂಚು, ಅದಕ್ಕೆ ಕಲ್ಲು, ಮೇಲೊಂದು ವಾಕಿಂಗ್ ಪಾತ್. ನೀರು ತುಂಬಿದ ದಿನ ಫೋಟೋ ಚೆನ್ನಾಗಿ ಬರುತ್ತೆ. ಕೊಕ್ಕರೆ ಬರಲ್ಲ.

ಬಣ್ಣದ ಕೊಕ್ಕರೆ ಮೀನು ಹಿಡಿಯೋದನ್ನ ಒಮ್ಮೆ ಗಮನಿಸಿ. ಕೊಕ್ಕನ್ನ ಅರ್ಧ ತೆರೆದು ನೀರಿಗದ್ದಿ, ತಲೆಯನ್ನ ಅತ್ತಿತ್ತ ಆಡಿಸ್ತಾ, ಕಾಲಲ್ಲಿ ಕೆಸರು ಕದಡ್ತಾ ನಡೆಯುತ್ತೆ. ಮೀನು ತಾಕಿತೋ, ಕೊಕ್ಕು ಪಟ್ ಅಂತ ಮುಚ್ಚಿತು. ಕಣ್ಣಿಗಿಂತ ಸ್ಪರ್ಶದ ಬೇಟೆ ಇದು. ಇದಕ್ಕೆ ಬೇಕಿರೋದು ಒಂದು ಗೇಣು ನೀರು. ಗದ್ದೆಗೊರವದಂಥ ಪುಟ್ಟ ಹಕ್ಕಿಗೆ ಒದ್ದೆ ಕೆಸರೇ ಸಾಕು. ಎರಡಾಳುದ್ದ ನೀರಲ್ಲಿ ನೀರುಕಾಗೆ, ಗುಳುಮುಳುಕದಂಥ ಮುಳುಗು ಹಕ್ಕಿಗಳು ಬದುಕ್ಕೊಳ್ತವೆ. ನಡೆದು ಮೇಯೋ ಹಕ್ಕಿಗೆ ಕಾಲೂರೋಕೂ ಜಾಗ ಇಲ್ಲ.

ಹಳೇ ಕೆರೆಗಳ ಆಕಾರದಲ್ಲೇ ಇದಕ್ಕೆ ಉತ್ತರ ಇದೆ. ತೂಬಿನ ಹತ್ರ ಆಳ, ನೀರು ಬರೋ ಕಡೆ ನಿಧಾನಕ್ಕೆ ಏರೋ ಅಂಗಳ. ನೀರು ಇಳಿದ ಹಾಗೆ ಆ ಗೇಣು ಆಳದ ನೀರಿನ ಪಟ್ಟಿ ತೂಬಿನ ಕಡೆ ಸರೀತಾ ಹೋಗುತ್ತೆ, ಹಕ್ಕಿಗಳೂ ಅದರ ಹಿಂದೆ. ಈಗ ಆಗ್ತಿರೋದು ತಿರುವುಮುರುವು. ತೂಬಿನ ಕಡೆ ಹಸಿ ಕೆಸರು, ಟಿಪ್ಪರ್ ಹೂತುಹೋಗುತ್ತೆ. ಗುತ್ತಿಗೆದಾರರಿಗೆ ಬಿಲ್ ಆಗೋದು ಘನ ಮೀಟರ್ ಲೆಕ್ಕದಲ್ಲಿ. ಹಾಗಾಗಿ ಒಣಗಿದ ಮೇಲಂಗಳಾನೇ ಬಗೀತಾರೆ. ಹೂಳು ಮುಗಿದು ಕೆಳಗಿನ ಜೇಡಿ ಪದರ ಒಡೆದ್ರೆ ನೀರೂ ಇಂಗಿಹೋಗುತ್ತೆ.

ನೀರು ಬರೋ ಕಡೆಯ ಮೂರನೇ ಒಂದು ಭಾಗ ಮುಟ್ಟಬೇಡಿ. ಅಂಚಿನ ಇಳಿಜಾರು ಹತ್ತು ಹದಿನೈದು ಅಡಿಗೆ ಒಂದಡಿ ಇರಲಿ. ಇಡೀ ಕೆರೆಯನ್ನ ಒಂದೇ ವರ್ಷ ಕೆದಕಬೇಡಿ.

ಇನ್ನು ಮರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದಲ್ಲಿ ಹಕ್ಕಿಗಳು ಗೂಡು ಕಟ್ಟೋದು ಕೆರೆಯೊಳಗಿನ ಜಾಲಿ ಮರಗಳ ಮೇಲೆ. ಬುಡದಲ್ಲಿ ನೀರಿದ್ರೆ ನಾಯಿ, ನರಿ, ಬೆಕ್ಕು ಹತ್ತಿರ ಸುಳಿಯಲ್ಲ. ಕೊಕ್ಕರೆ ಮೊಟ್ಟೆಯಿಂದ ಮರಿ ಹಾರೋವರೆಗೆ ಸುಮಾರು ಮೂರು ತಿಂಗಳು, ಅಷ್ಟು ದಿನ ನೀರು ನಿಲ್ಲಬೇಕು. ಹಾಗಂತ ಪಂಪ್ ಹಾಕಿ ವರ್ಷವಿಡೀ ತುಂಬಿಸಿಟ್ರೆ ಬೇರಿಗೆ ಗಾಳಿ ಸಿಗದೆ ಜಾಲಿನೇ ಒಣಗುತ್ತೆ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಲೆಕ್ಕ ಬೇರೆ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ಹಗಲಿನ ತಂಗುದಾಣ; ಕತ್ತಲಾದ್ಮೇಲೆ ಮೇಯೋಕೆ ಸುತ್ತಲಿನ ಹೊಲಗಳಿಗೆ ಹೋಗ್ತವೆ. ಅಲ್ಲಿ ಕೆರೆಗೆ ಬೇಲಿ ಹಾಕಿದ್ರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ರೈತರ ಬೆಳೆ ನಷ್ಟ, ಹೊಲಕ್ಕೆ ಹೊಡೆಯೋ ವಿಷ, ಎರಡೂ ಲೆಕ್ಕಕ್ಕೆ ಬರಬೇಕು.

ಈ ಎರಡೂ ಕೆರೆ ರಾಮ್ಸಾರ್ ಪಟ್ಟಿ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು, ಸಂತೋಷ. ಆದ್ರೆ 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆ ಅಂತ ಕಟ್ಟಿದ ಕೆರೆಗಳನ್ನ ಹೊರಗಿಟ್ಟಿವೆ. ನಮ್ಮ ಊರ ಕೆರೆಗಳಲ್ಲಿ ಬಹುಪಾಲು ಅಂಥವೇ ಅಲ್ವಾ? ಅವುಗಳ ಹಣೆಬರಹ ಬರೆಯೋದು ಎಸ್ಟಿಮೇಟ್ ಹಾಳೆ. ಕಾಮಗಾರಿ ಶುರುವಾಗೋ ಮೊದಲೇ ಗ್ರಾಮಸಭೆಯಲ್ಲಿ ಎದ್ದು ನಿಂತು, ಕೆರೆ ತಳದ ಏರಿಳಿತ ಕಾಣೋ ಅಡ್ಡಸೀಳು ನಕ್ಷೆ ತೋರಿಸಿ ಅಂತ ಕೇಳಿ. ತಳದ ಗೆರೆ ನೇರ ಇದ್ರೆ, ಅಲ್ಲೇ ಆಕ್ಷೇಪಣೆ ಬರೆಸಿ.