ಅಗೆಯುವ ಮುಂಚೆ ಚರಂಡಿ ಸರಿಮಾಡಿ: ಹರ್ಕ್ಯುಲೇನಿಯಂ ಕತೆ

[ದೃಶ್ಯ: ಕತ್ತಲು, ಇಕ್ಕಟ್ಟಾದ ಕಲ್ಲಿನ ದಾರಿ, ಟಾರ್ಚ್ ಬೆಳಕು]

ನಮಸ್ಕಾರ. ಇದು ಸುರಂಗ ಅಂದುಕೊಂಡಿರಾ? ಅಲ್ಲ, ಸುಮಾರು ಎರಡು ಸಾವಿರ ವರ್ಷ ಹಳೆಯ ಚರಂಡಿ. ಇಟಲಿಯ ನೇಪಲ್ಸ್ ಹತ್ತಿರ ಇರುವ ಹರ್ಕ್ಯುಲೇನಿಯಂ ಎಂಬ ರೋಮನ್ ಊರಿನದು. ಆ ಊರನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಈ ಚರಂಡಿಗೆ ದೊಡ್ಡ ಪಾತ್ರ ಇದೆ.

ಕ್ರಿ.ಶ. 79ರಲ್ಲಿ ಹತ್ತಿರದ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪಾಂಪೇ ಎಂಬ ಊರಿನ ಜೊತೆಗೆ ಈ ಊರೂ ಬಿಸಿ ಬೂದಿಯಡಿ ಹೂತುಹೋಯಿತು. ಸುಮಾರು 20 ಮೀಟರ್ ಆಳಕ್ಕೆ! ಆ ಬಿಸಿಗೆ ಮರ ಪೂರ್ತಿ ಉರಿದುಹೋಗದೆ ಇದ್ದಿಲಾಗಿ ಉಳಿಯಿತು. ಬಾಗಿಲು, ಮಂಚ, ಮಹಡಿಯ ತೊಲೆ, ಮಗುವಿನ ತೊಟ್ಟಿಲು ಕೂಡ. ತೊಟ್ಟಿಲು ಅಂದಾಗ ನನಗೆ ಪ್ರತಿ ಸಲವೂ ಎದೆ ಭಾರವಾಗುತ್ತದೆ.

1738ರಲ್ಲಿ ಸುರಂಗ ಕೊರೆದು ಪ್ರತಿಮೆಗಳನ್ನು ಹೊರತೆಗೆಯಲು ಶುರುಮಾಡಿದರು. 1927ರಿಂದ ಅಮೆಡೆಯೊ ಮಯೂರಿ ಎಂಬ ಪುರಾತತ್ವಜ್ಞರು ಬಯಲಲ್ಲೇ ಅಗೆಸಿ, ಬೀದಿಗಳನ್ನು ಬೆಳಕಿಗೆ ತಂದರು. ತೊಂದರೆ ಶುರುವಾದದ್ದು ಆಮೇಲೆ. ಬೂದಿಯ ಕೆಳಗೆ ಭದ್ರವಾಗಿದ್ದ ಗೋಡೆಗಳು ಮಳೆ, ಬಿಸಿಲಿಗೆ ಮೈಯೊಡ್ಡಬೇಕಾಯಿತು. ಆಸರೆಗೆ ಹಾಕಿದ ಕಾಂಕ್ರೀಟ್ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಪಕ್ಕದ ಕಲ್ಲು ಬಿರುಕುಬಿಟ್ಟಿತು. ಪಾರಿವಾಳದ ಹಿಕ್ಕೆ ಬಣ್ಣದ ಚಿತ್ರಗಳನ್ನು ತಿಂದುಹಾಕಿತು. ಕೊನೆಗೆ ಎಷ್ಟೋ ಮನೆಗಳಿಗೆ ಬೀಗ ಹಾಕಬೇಕಾಯಿತು.

2001ರಲ್ಲಿ ಹರ್ಕ್ಯುಲೇನಿಯಂ ಸಂರಕ್ಷಣಾ ಯೋಜನೆ ಶುರುವಾಯಿತು. ಇಟಲಿಯ ಪುರಾತತ್ವ ಇಲಾಖೆ, ಅಮೆರಿಕದ ಪ್ಯಾಕರ್ಡ್ ಸಂಸ್ಥೆ, ರೋಮ್‌ನ ಬ್ರಿಟಿಷ್ ಸ್ಕೂಲ್ ಎಂಬ ಸಂಶೋಧನಾ ಸಂಸ್ಥೆ ಕೈಜೋಡಿಸಿದವು. ಹೊಸದಾಗಿ ಅಗೆದರೆ ಹೆಸರು ಬರುತ್ತದೆ, ಪತ್ರಿಕೆಗಳಲ್ಲಿ ಫೋಟೋ ಬರುತ್ತದೆ, ಅಲ್ವಾ? ಇವರು ಅದನ್ನು ಪಕ್ಕಕ್ಕಿಟ್ಟರು. ಮಾಡು ಸೋರುತ್ತಿರುವಾಗ ಗೋಡೆಗೆ ಬಣ್ಣ ಹೊಡೆದು ಏನು ಪ್ರಯೋಜನ? ಮೊದಲು ಬೀಳುವ ಹಂತದಲ್ಲಿದ್ದ ಗೋಡೆಗಳಿಗೆ ಆಸರೆ ಕೊಟ್ಟರು, ಚಾವಣಿ ರಿಪೇರಿ ಮಾಡಿದರು. ಪಾರಿವಾಳ ಓಡಿಸಲು ಗಿಡುಗ ಸಾಕುವವರನ್ನೂ ಕರೆಸಿದರು.

[ದೃಶ್ಯ: ಮೇಲಿನಿಂದ ಊರು. ಸುತ್ತ ಈಗಿನ ಎರ್ಕೊಲಾನೊ ಪಟ್ಟಣದ ಕಟ್ಟಡಗಳು]

ಇಲ್ಲಿ ನೋಡಿ. ಹಳೆಯ ಊರು ಗುಂಡಿಯೊಳಗೆ ಕೂತ ಹಾಗಿದೆ. ಬಿದ್ದ ಮಳೆನೀರು ಹೋಗಲು ದಾರಿಯೇ ಇರಲಿಲ್ಲ. ಕೆಳಗಡೆಯ ಹಳೆಯ ಕಡಲತೀರವಂತೂ ಈಗಿನ ಸಮುದ್ರಮಟ್ಟಕ್ಕಿಂತ ಸುಮಾರು 4 ಮೀಟರ್ ಕೆಳಗಿದೆ. ನೀರಿಗೆ ದಾರಿ ಹುಡುಕುತ್ತಿದ್ದವರಿಗೆ ರೋಮನ್ನರ ಚರಂಡಿಗಳೇ ನೆನಪಾದವು. ಹೊಸ ಪೈಪ್ ಹಾಕಲು ನೆಲ ಒಡೆಯುವ ಬದಲು ಅವನ್ನೇ ತೆರವು ಮಾಡಿ ಬಳಸೋಣ ಎಂದು ನಿರ್ಧರಿಸಿದರು.

ಒಂದು ಚರಂಡಿಯಲ್ಲಿ ಹಳೆಯ ಕಸ ಹಾಗೇ ಉಳಿದಿತ್ತು. ಮೇಲೆ ಅಂಗಡಿಗಳು, ಮಹಡಿಯಲ್ಲಿ ಬಾಡಿಗೆ ಮನೆಗಳು. ಅಡುಗೆಮನೆಯ ಕಸ, ಶೌಚಾಲಯದ ಮಲ ಎಲ್ಲ ಗೋಡೆಯೊಳಗಿನ ಕೊಳವೆಯಿಂದ ಇದರೊಳಕ್ಕೇ ಬೀಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸುಮ್ನೆ ಎತ್ತಿ ಹೊರಗೆ ಹಾಕುತ್ತಿದ್ದರೋ ಏನೋ. ಇವರು 700ಕ್ಕೂ ಜಾಸ್ತಿ ಚೀಲಗಳಲ್ಲಿ ತುಂಬಿಟ್ಟು, ಜರಡಿ ಹಿಡಿದರು. ಅಂಜೂರದ ಬೀಜ, ಮೊಟ್ಟೆಯ ಚಿಪ್ಪು, ಆಲಿವ್ ಬೀಜ, ಬಗೆಬಗೆಯ ಮೀನಿನ ಮುಳ್ಳು, ಮೈತುಂಬ ಮುಳ್ಳಿರುವ ಕಡಲಮುಳ್ಳಿ ಎಂಬ ಸಮುದ್ರಜೀವಿಯ ಚೂರು. ಸಾಹುಕಾರರ ಔತಣ ಅಲ್ಲ ಇದು, ಅಂಗಡಿ ಇಟ್ಟುಕೊಂಡ ಸಾಮಾನ್ಯ ಜನರ ದಿನದ ಊಟ. ಬಡವರು ಗಂಜಿಯಲ್ಲೇ ದಿನ ದೂಡುತ್ತಿದ್ದರು ಎಂಬ ಮಾತನ್ನು ಈ ಜರಡಿ ಅಲುಗಾಡಿಸಿತು.

ಕಡಲತೀರದಲ್ಲೂ ಹಾಗೇ ಆಯಿತು. ಅಲ್ಲಿ ಕೆಲಸ ನಡೆಯುವಾಗ ದೊಡ್ಡ ಮನೆಯೊಂದರ ಚಾವಣಿಯ ಮರಗಳು ಸಿಕ್ಕವು. ಸಿಡಿತದ ರಭಸಕ್ಕೆ ಕಿತ್ತು ಕೆಳಗೆ ಬಿದ್ದಿದ್ದವು. ಒದ್ದೆ ಮಣ್ಣಲ್ಲಿ ಇದ್ದದ್ದರಿಂದ ಕೊಳೆತಿರಲಿಲ್ಲ, ಒಳಚಾವಣಿಯ ಬಣ್ಣ ಕೂಡ ಅಲ್ಲಲ್ಲಿ ಉಳಿದಿತ್ತು. ಒಣಗಿದರೆ ಮರ ಸುಕ್ಕುಗಟ್ಟಿ ಸೀಳುತ್ತದೆ. ಹಾಗಾಗಿ ಹೊರಗೆ ತೆಗೆದ ದಿನದಿಂದಲೇ ಅದನ್ನು ತೇವವಾಗಿಟ್ಟು ಕಾಯಬೇಕು.

ಊರಿನ ದೊಡ್ಡ ಭಾಗ ಇನ್ನೂ ಎರ್ಕೊಲಾನೊ ಮನೆಗಳ ಅಡಿಯಲ್ಲೇ ಇದೆ. ಅದನ್ನೂ ಅಗೆಯಿರಿ ಎನ್ನುವವರಿದ್ದಾರೆ. ನಾನು ಹೇಳುವುದು, ಸದ್ಯಕ್ಕೆ ಬೇಡ. ಬೂದಿಯ ಕೆಳಗೆ ಅದು ಕ್ಷೇಮವಾಗಿದೆ. ಮೇಲಕ್ಕೆ ಬಂದ ಬೀದಿಗಳಿಗೆ ಈ ಮಳೆಗಾಲವನ್ನೂ ದಾಟಬೇಕಾಗಿದೆ.

[ದೃಶ್ಯ: ಮಳೆ. ರೋಮನ್ ಬೀದಿಯ ಕಲ್ಲುಗಳ ಮೇಲೆ ಹರಿದ ನೀರು ಚರಂಡಿಗೆ ಇಳಿಯುತ್ತದೆ]